ಚಿಲಕವಿಲ್ಲದ ಬಾಗಿಲು

ನಮ್ಮ ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಯ ಬಾಗಿಲಿಗೆ ಒಳಗಿನಿಂದ ಹಾಕಿಸಿದ ಚಿಲಕ ಮೂರು ಸಲ ಕಾಣೆಯಾಯಿತು. ಮೂರನೆಯ ಸಲಕ್ಕೆ ಕಳ್ಳರು ಯಾರೆಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಸಾಕ್ಷಿ ಮಾತ್ರ ಇರಲಿಲ್ಲ.

ನನ್ನ ಹೆಸರು ಸಂಗಮೇಶ್ವರ. ಶಹಾಬಾದಿನ ಒಂದು ಸಣ್ಣ ಧರ್ಮಾರ್ಥ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಔಷಧ ಕೊಡುತ್ತಿದ್ದೇನೆ. ಕಾಗದದಲ್ಲಿ ಫಾರ್ಮಸಿಸ್ಟ್, ಜನರ ಬಾಯಲ್ಲಿ ಕಂಪೌಂಡರ್ ಸಾಹೇಬ. ಸಂಶಯ ನನ್ನ ಹುಟ್ಟುಗುಣ. ಬಾಟಲಿ ಬಂದರೆ ಮುಚ್ಚಳ ತಿರುಗಿಸಿ ನೋಡುತ್ತೇನೆ, ತಾರೀಖನ್ನು ಎರಡು ಸಲ ಓದುತ್ತೇನೆ, ಡಾಕ್ಟರರ ಚೀಟಿಯನ್ನೂ ಬೆಳಕಿಗೆ ಹಿಡಿಯುತ್ತೇನೆ. ಮನೆಯಲ್ಲಿ ಚಹಾ ಕೊಟ್ಟರೆ ಸಕ್ಕರೆ ಹಾಕಿದ್ದೀಯಾ ಎಂದು ಕೇಳದೆ ಬಾಯಿಗಿಡುವುದಿಲ್ಲ. ಬೆಳಗಿನ ಹೊತ್ತು ಇಷ್ಟಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ಪೂಜೆಗೆ ಕುಳಿತಾಗ, ನನ್ನ ಹೆಂಡತಿ ವಿಮಲಾಬಾಯಿ ಒಳಗಿನಿಂದ ನಗಾಡುತ್ತಾಳೆ, ಒಂದು ದಿನ ನೀವು ಅದರ ಮೇಲೂ ತಾರೀಖು ಹುಡುಕುತ್ತೀರಿ ಎಂದು. ಅದೊಂದು ಸುಳ್ಳು ಅಪವಾದ. ಎಲ್ಲರ ಮೇಲೂ ಸಂಶಯಪಟ್ಟವನು ನಾನು, ದೇವರೊಬ್ಬನ ಮೇಲೆ ಮಾತ್ರ ಪಟ್ಟಿರಲಿಲ್ಲ. ಯಾಕೆ ಪಟ್ಟಿರಲಿಲ್ಲ ಎಂಬುದು ನನಗೆ ತಿಳಿದದ್ದು ಹೋದ ವರ್ಷ, ನಾನು ಕಳ್ಳಿ ಎಂದುಕೊಂಡಿದ್ದ ಸಾಬಮ್ಮನಿಂದ.

ಸಾಬಮ್ಮ ಹದಿನಾಲ್ಕು ವರ್ಷದಿಂದ ನಮ್ಮಲ್ಲಿ ಆಯಾ. ತವರು ಕಾಗಿಣಾ ನದಿ ದಂಡೆಯ ದಂಡೋತಿ, ಗಂಡನ ಊರು ಭಂಕೂರ. ಗಂಡ ರಾಮಲಿಂಗ ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಶ್ ಮಾಡುವ ಕಾರಖಾನೆಯಲ್ಲಿ ದುಡಿಯುತ್ತಾನೆ. ದಿನಾ ಬೆಳಿಗ್ಗೆ ಎಂಟೂವರೆಗೆ ಟಂಟಂ ಆಟೋದಿಂದ ಇಳಿದು, ಕಾಲಿಗೆ ಹತ್ತಿದ ಕಲ್ಲಿನ ಬಿಳಿ ಪುಡಿಯನ್ನು ನಳದ ಕೆಳಗೆ ತೊಳೆದುಕೊಂಡು ಒಳಗೆ ಬರುತ್ತಾಳೆ. ಎತ್ತರದ ಒಣಕಲು ಹೆಂಗಸು, ಒಡಕು ದನಿ, ಐವತ್ತಕ್ಕೆ ಒಂದೆರಡು ವರ್ಷ ಕಡಿಮೆ. ನೆಲ ಒರೆಸುವುದು, ಚಾದರ ಬದಲಿಸುವುದು ಅವಳ ಕೆಲಸ. ಇವೆಲ್ಲಕ್ಕಿಂತ ದೊಡ್ಡ ಕೆಲಸವೆಂದರೆ ಮಕ್ಕಳನ್ನು ಹಿಡಿಯುವುದು. ಸೂಜಿ ಚುಚ್ಚುವಾಗ, ಹೊಲಿಗೆ ಹಾಕುವಾಗ, ಸುಟ್ಟ ಗಾಯದ ಪಟ್ಟಿ ಬಿಚ್ಚುವಾಗ ಮಗು ಒದ್ದಾಡದಂತೆ ಯಾರಾದರೂ ಹಿಡಿಯಬೇಕಲ್ಲ, ಅದು ಸಾಬಮ್ಮ.

ಅವಳು ಹಿಡಿಯುವ ರೀತಿಯೇ ಬೇರೆ. ಉಳಿದವರು ಮಗುವಿನ ಕಣ್ಣು ಮುಚ್ಚಿ, ಇರುವೆ ಕಚ್ಚಿದಷ್ಟೇ ಎಂದು ಪುಸಲಾಯಿಸುತ್ತಾರೆ. ಸಾಬಮ್ಮ ಕಣ್ಣು ಮುಚ್ಚಗೊಡುವುದಿಲ್ಲ. ತನ್ನ ಮುಖವನ್ನು ಮಗುವಿನ ಮುಖಕ್ಕೆ ನೇರ ತಂದು, "ನೋವಾಗ್ತದ ನೋಡವ್ವಾ, ಭಾಳ ಆಗ್ತದ. ನನ್ನ ಮಾರಿ ನೋಡು. ನಾ ಎಲ್ಲೂ ಹೋಗಂಗಿಲ್ಲ" ಎನ್ನುತ್ತಾಳೆ. ಬೆನ್ನಿನ ಗಾಯಕ್ಕೆ ಮಗುವನ್ನು ಬೋರಲು ಮಲಗಿಸಿದ್ದರೆ, ತಲೆ ಮೇಜಿನ ಅಂಚಿನಿಂದ ಚೂರು ಮುಂದೆ ಬರುವಂತೆ ಮಾಡಿ, ತಾನು ಕೆಳಗೆ ಫರಸಿಯ ಮೇಲೆ ಕುಳಿತು ಮುಖ ಮೇಲೆತ್ತುತ್ತಾಳೆ. ಮಗು ಕಿರುಚುತ್ತದೆ, ಅವಳ ಮುಖದ ಮೇಲೇ ಜೊಲ್ಲು ಕಣ್ಣೀರು ಸುರಿಸುತ್ತದೆ. ಅವಳು ಒರೆಸಿಕೊಳ್ಳುವುದಿಲ್ಲ.

ನನಗೆ ಇದು ಹಿಡಿಸುತ್ತಿರಲಿಲ್ಲ. ಮೊದಲೇ ಹೆದರಿದ ಕೂಸಿಗೆ ನೋವಾಗುತ್ತದೆ ಎಂದು ಹೇಳುವುದು ಯಾವ ಜಾಣತನ? ಒಮ್ಮೆ ಕೇಳಿಯೂ ಬಿಟ್ಟೆ. "ಒಮ್ಮಿ ಸುಳ್ಳ ಹೇಳಿದ್ರ ಮುಂದಿನ ಸಲ ನನ್ನ ಮಾರಿ ಯಾಕ ನೋಡ್ತದ್ರಿ ಕೂಸು?" ಎಂದಳು. ಉತ್ತರ ಸರಿಯಾಗಿಯೇ ಇತ್ತು. ಅದಕ್ಕೇ ಸಿಟ್ಟು ಬಂತು.

ಇನ್ನೊಂದು ವಿಷಯ ನನ್ನ ಗಮನಕ್ಕೆ ಬಂದಿತ್ತು. ಯಾರದಾದರೂ ಮನೆಯಲ್ಲಿ ಸಾವಾದರೆ, ಮಗುವಿಗೆ ವಾಸಿಯಾಗದ ರೋಗ ಬಂದರೆ, ಅವರು ಕೌಂಟರಿನ ಮುಂದೆ ನಿಂತು ಅಳುತ್ತಿದ್ದರೆ ನಾನು ಒಂದು ಮಾತು ಹೇಳುತ್ತಿದ್ದೆ. ದೇವರ ಮನಸ್ಸು ನಮ್ಮ ಬುದ್ಧಿಗೆ ನಿಲುಕುವುದಲ್ಲ, ಅವನಿಗೆ ಏನೋ ಕಾರಣ ಇದ್ದೇ ಇರುತ್ತದೆ. ಜನ ತಲೆಯಾಡಿಸಿ ಹೋಗುತ್ತಿದ್ದರು. ಸಾಬಮ್ಮ ಹತ್ತಿರದಲ್ಲಿದ್ದರೆ ಕಸಬರಿಗೆ ಎತ್ತಿಕೊಂಡು ಆ ಕಡೆ ನಡೆದುಬಿಡುತ್ತಿದ್ದಳು. ಅವಳ ಮನೆಯಲ್ಲಿ ಬುದ್ಧನ ಪಟ ಇದೆ, ಗಂಡ ದೇವರ ಗೊಡವೆಯನ್ನೇ ಬಿಟ್ಟವನು ಎಂದು ಕೇಳಿದ್ದೆ. ಇವಳೂ ಹಾಗೇ ಇರಬೇಕು, ನಮ್ಮ ಮಾತು ಇವಳಿಗೆ ಸೇರದು ಎಂದುಕೊಂಡು ಸುಮ್ಮನಾದೆ.

ಚಿಲಕದ ವಿಷಯಕ್ಕೆ ಬರುತ್ತೇನೆ. ಡ್ರೆಸ್ಸಿಂಗ್ ನಡೆಯುವಾಗ ತಂದೆತಾಯಿಗಳು ನುಗ್ಗುತ್ತಾರೆಂದು ಆಫೀಸಿನವರು ಬಡಗಿ ಅಲ್ಲಾವುದ್ದೀನನಿಂದ ಚಿಲಕ ಹಾಕಿಸಿದರು. ಎಂಟು ದಿನಕ್ಕೆ ಚಿಲಕವಿಲ್ಲ, ನಾಲ್ಕು ತೂತು ಮಾತ್ರ ಇದ್ದವು. ಎರಡನೆಯದೂ ಹಾಗೇ ಹೋಯಿತು. ಮೂರನೆಯದಕ್ಕೆ ಉದ್ದನೆಯ ಸ್ಕ್ರೂ ಹಾಕಿದ್ದೇನೆ, ಯಾರೂ ಬಿಚ್ಚಲಾರರು ಎಂದು ಅಲ್ಲಾವುದ್ದೀನ ಮೀಸೆ ತೀಡಿಕೊಂಡಿದ್ದ. ಅದೂ ಹೋಯಿತು. ಅಷ್ಟರಲ್ಲಿ ಸಾಬಮ್ಮನ ಸೆರಗಿನ ಗಂಟಿನಿಂದ ಒಂದು ಚಿಕ್ಕ ಸ್ಕ್ರೂಡ್ರೈವರ್ ಇಣುಕುತ್ತಿದ್ದುದನ್ನು ನಾನು ನೋಡಿದ್ದೆ. ಕಬ್ಬಿಣದ ತುಂಡಿನಿಂದ ಇವಳಿಗೇನು ಲಾಭ? ಅದೇ ತಿಳಿಯದೆ ದೂರು ಕೊಡದೆ ಕಾಯುತ್ತಿದ್ದೆ.

ಹೋದ ವರ್ಷದ ಶ್ರಾವಣ. ನಮ್ಮ ಓಣಿಯ ಮಠದಲ್ಲಿ ತಿಂಗಳಿಡೀ ಸಂಜೆ ಪುರಾಣ. ಹೇಳುವವರು ಮಡಿವಾಳಯ್ಯನವರು. ಶಾಲೆಯ ಮಾಸ್ತರಿಕೆ ಮುಗಿಸಿದ ಜಂಗಮರು, ಎಪ್ಪತ್ತರ ಹತ್ತಿರದವರು, ಬಿಳಿ ಗಡ್ಡ, ತುಂಬಿದ ದನಿ. ನನ್ನ ಸಂಶಯದ ಕಣ್ಣಿಗೂ ಅವರಲ್ಲಿ ಕಪಟ ಕಾಣಲಿಲ್ಲ. ಕೊಟ್ಟರೆ ತೆಗೆದುಕೊಳ್ಳುತ್ತಿದ್ದರು, ಕೊಡದಿದ್ದರೆ ಕೇಳುತ್ತಿರಲಿಲ್ಲ. ಸಕ್ಕರೆ ಕಾಯಿಲೆಯ ಗುಳಿಗೆಗೆ ನಮ್ಮಲ್ಲಿಗೇ ಬರುತ್ತಾರೆ. ಹಾಗೆ ಬಂದಾಗ ಒಂದು ದಿನ, ತಲೆಗೆ ಗಾಯವಾದ ಮಗುವೊಂದನ್ನು ಸಾಬಮ್ಮ ಹಿಡಿದದ್ದನ್ನು ತೆರೆದ ಬಾಗಿಲಿನಿಂದ ನೋಡಿದ್ದರು. ಕಣ್ಣು ತುಂಬಿಕೊಂಡು ಹೋಗಿದ್ದರು.

ಎರಡನೆಯ ಸೋಮವಾರ ಅವರು ಆ ನೋಟವನ್ನು ಪುರಾಣದಲ್ಲಿ ತಂದರು. ನಾನು ಮುಂದೆಯೇ ಕುಳಿತಿದ್ದೆ. ಒಳ್ಳೆಯವರಿಗೆ ಯಾಕೆ ಕಷ್ಟ, ಏನೂ ಅರಿಯದ ಕೂಸಿಗೆ ಯಾಕೆ ನೋವು ಎಂದು ಕೇಳುತ್ತೀರಿ ಎಂದು ಶುರು ಮಾಡಿದರು. ನಮ್ಮೂರ ಆಸ್ಪತ್ರೆಯಲ್ಲಿ ಸಾಬಮ್ಮ ಎಂಬ ತಾಯಿ ಇದ್ದಾಳೆ, ಅವಳು ಕೂಸನ್ನು ಬಿಗಿಯಾಗಿ ಹಿಡಿಯುತ್ತಾಳೆ, ಡಾಕ್ಟರು ಸೂಜಿ ಚುಚ್ಚುತ್ತಾರೆ. ಸೂಜಿ ಯಾಕೆಂದು ಕೂಸಿಗೆ ತಿಳಿಯುವುದೆ? ತಿಳಿಯದು ಎಂದ ಮಾತ್ರಕ್ಕೆ ಕಾರಣವೇ ಇಲ್ಲವೆ? ದೇವರ ಮುಂದೆ ನಮ್ಮ ತಿಳಿವಳಿಕೆ ಆ ಕೂಸಿನದಕ್ಕಿಂತ ಸಣ್ಣದು. ಅವನು ಸಾಬಮ್ಮನಂತೆ ನಮ್ಮನ್ನು ಹಿಡಿದಿದ್ದಾನೆ, ನಾವು ನೋವನ್ನಷ್ಟೇ ಕಾಣುತ್ತೇವೆ. ಧ್ವನಿವರ್ಧಕ ಮೂರು ಓಣಿಗೆ ಕೇಳುವಷ್ಟು ದೊಡ್ಡದಿತ್ತು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ.

ಮರುದಿನದಿಂದ ನಮ್ಮ ಆಸ್ಪತ್ರೆಗೆ ರೋಗವಿಲ್ಲದವರೂ ಬರತೊಡಗಿದರು. ಸಾಬಮ್ಮ ನೆಲ ಒರೆಸುತ್ತಿದ್ದರೆ ಕಾಲು ಮುಟ್ಟಿ ಹೋಗುತ್ತಿದ್ದರು. ವಾಡಿಯಿಂದ ಒಬ್ಬ ಮುದುಕಿ ಪ್ಯಾಸೆಂಜರ್ ಗಾಡಿ ಹತ್ತಿ ಬಂದು, ಖಣ ತೆಂಗಿನಕಾಯಿ ತಂದು ಉಡಿ ತುಂಬುತ್ತೇನೆ ಎಂದು ಹಟ ಹಿಡಿದಳು. ಫಿನಾಯಿಲ್ ಬಕೇಟು ಕೈಯಲ್ಲಿ ಹಿಡಿದುಕೊಂಡು ನಿಂತ ಸಾಬಮ್ಮನ ಮುಖ ಕಪ್ಪಿಟ್ಟಿತ್ತು. ಮೊನ್ನೆಯವರೆಗೆ ಅವಳ ಕೈಯ ನೀರು ಕುಡಿಯಲು ಹಿಂದೆಮುಂದೆ ನೋಡುತ್ತಿದ್ದವರೂ ಆ ಸಾಲಿನಲ್ಲಿದ್ದರು, ಅದನ್ನು ನಾನು ನೋಡಿದೆ, ಅವಳೂ ನೋಡಿದಳು. ಇನ್ನು ಇವಳ ತಲೆ ತಿರುಗುತ್ತದೆ, ಚಿಲಕ ಹೋಗಲಿ ಬಾಗಿಲೇ ಹೋದೀತು ಎಂದು ನಾನು ಲೆಕ್ಕ ಹಾಕಿದೆ. ನನ್ನ ಲೆಕ್ಕ ತಪ್ಪಿತು. ಗುರುವಾರ ಮಧ್ಯಾಹ್ನ ಅವಳು ಕೌಂಟರಿಗೆ ಬಂದು, ಅಯ್ಯನವರ ಮನೆಗೆ ತನ್ನನ್ನು ಕರೆದುಕೊಂಡು ಹೋಗುತ್ತೀರಾ ಎಂದು ಕೇಳಿದಳು. ಒಂದು ಮಾತು ಕೇಳುವುದಿದೆ, ಒಬ್ಬಳೇ ಹೋದರೆ ಹೊರಗೇ ನಿಲ್ಲಿಸಿ ಕಳಿಸುತ್ತಾರೇನೋ ಎಂದಳು.

ಮಡಿವಾಳಯ್ಯನವರು ಹೊರಗೆ ನಿಲ್ಲಿಸುವವರಲ್ಲ. ಪಡಸಾಲೆಯಲ್ಲಿ ಕುರ್ಚಿ ಹಾಕಿಸಿ, "ಬಾರವ್ವಾ, ಕುಂದ್ರು" ಎಂದರು. ಅವಳು ಕುರ್ಚಿ ಬಿಟ್ಟು ಮೆಟ್ಟಿಲ ಮೇಲೆ ಕುಳಿತಳು. ಅವರ ಮೊಮ್ಮಗಳು ನೀಲಾಂಬಿಕಾ, ಒಂದನೆಯ ಇಯತ್ತೆ ಓದುವ ಹುಡುಗಿ, ಚಹಾದ ಕಪ್ಪುಗಳನ್ನು ತುಳುಕಿಸುತ್ತ ತಂದು ಕೊಟ್ಟು ಹೋದಳು.

ಸಾಬಮ್ಮ ಸುತ್ತು ಬಳಸಲಿಲ್ಲ. "ಅಯ್ಯನೋರೇ, ಸೂಜಿ ಯಾಕಂತ ಕೂಸಿಗಿ ತಿಳಿಯಂಗಿಲ್ಲ, ಅದು ಖರೇ. ಆದ್ರ ಹಿಡದಾಕಿ ಯಾರಂತ ತಿಳಿತದ. ನಾ ಮಾರಿ ತೋರಸ್ತೀನಿ. ಅಂವ ತೋರಸ್ತಾನೇನ್ರಿ?" ಎಂದಳು.

ಅಯ್ಯನವರು ಸಿಟ್ಟಾಗಲಿಲ್ಲ. ಕಾರಣವನ್ನೇ ತಿಳಿಯಲಾರದ ಬುದ್ಧಿಗೆ, ಅವನು ಮುಖ ಯಾಕೆ ತೋರಿಸುವುದಿಲ್ಲ ಎಂಬುದರ ಕಾರಣವೂ ತಿಳಿಯಲಾರದು ಎಂದರು. ಕಾಣದಿದ್ದರೆ ಇಲ್ಲ ಎಂದಲ್ಲ. ತಾಯಿ ಬಾಗಿಲ ಹಿಂದೆ ನಿಂತಿದ್ದಾಳೆ ಅನ್ನು, ಒಳಗಿರುವ ಕೂಸು ಅವ್ವ ಇಲ್ಲ ಎಂದು ಅಳುತ್ತದೆ. ಆದರೆ ಅವ್ವ ಇದ್ದಾಳೆ. ಕಿವಿ, ಜೀವ ಎಲ್ಲಾ ಕೂಸಿನ ಕಡೆಗೇ ಇಟ್ಟುಕೊಂಡು ಬಾಗಿಲ ಹಿಂದೆಯೇ ಇದ್ದಾಳೆ. ದೇವರೂ ಹಾಗೇ.

"ಬಾಗಿಲ ಹಿಂದ ಅಂತೀರೇನ್ರಿ?" ಎಂದು ಸಾಬಮ್ಮ ಕೇಳಿದಳು. ಹೌದವ್ವಾ ಎಂದರು. ಚಹಾ ಅರ್ಧಕ್ಕೇ ಇಟ್ಟು, ಕೈಮುಗಿದು, ಎದ್ದು ನಡೆದಳು. ಗೆದ್ದೆವೆಂದು ಅಯ್ಯನವರು ತಿಳಿದುಕೊಳ್ಳಲಿಲ್ಲ, ಅವರು ಗಾಬರಿಯಾಗಿದ್ದರು. ಗೆದ್ದೆವೆಂದು ತಿಳಿದುಕೊಂಡವನು ನಾನು.

ಆಸ್ಪತ್ರೆಗೆ ಮರಳುವ ದಾರಿಯಲ್ಲಿ ಅವಳು ಹಳಿಯ ಪಕ್ಕದ ಬೇವಿನ ಮರದ ಕೆಳಗೆ ಕುಳಿತುಬಿಟ್ಟಳು. ಸಿಮೆಂಟ್ ತುಂಬಿದ ಗೂಡ್ಸ್ ಗಾಡಿಯೊಂದು ವಾಡಿಯ ಕಡೆ ಹೋಯಿತು. ಆಮೇಲೆ ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ, ಅವಳ ಮಾತಿನಲ್ಲಿ ಬರೆಯುವ ಧೈರ್ಯ ನನಗಿಲ್ಲ.

ಅವಳಿಗೆ ಕರುಣಾ ಎಂಬ ಮಗಳಿದ್ದಳು. ಮೈಯಲ್ಲಿ ಬೇಕಾದಷ್ಟು ರಕ್ತ ಹುಟ್ಟದ ಕಾಯಿಲೆ. ಎರಡು ವರ್ಷದವಳಿದ್ದಾಗಿನಿಂದ ಮೂರು ವಾರಕ್ಕೊಮ್ಮೆ ದೊಡ್ಡ ಊರಿಗೆ ಹೋಗಿ ರಕ್ತ ಹಾಕಿಸಬೇಕು. ನರ ಸಿಗುವುದಿಲ್ಲ, ನಾಲ್ಕು ಕಡೆ ಚುಚ್ಚುತ್ತಾರೆ. ನನಗ್ಯಾಕವ್ವಾ ಇದು ಎಂದು ಕರುಣಾ ಕೇಳುತ್ತಿದ್ದಳು. ಗೊತ್ತಿಲ್ಲ, ಆದರೆ ನಾನು ಇಲ್ಲೇ ಇರುತ್ತೇನೆ, ನನ್ನ ಮುಖ ನೋಡು ಎಂದು ಸಾಬಮ್ಮ ಹೇಳುತ್ತಿದ್ದಳು. ಮಗಳು ನೋಡುತ್ತಿದ್ದಳು. ಏಳು ವರ್ಷ ಹೀಗೇ ನಡೆಯಿತು. ಒಂಬತ್ತು ವರ್ಷದವಳಿದ್ದಾಗ ಒಂದು ದಿನ ಜ್ವರ ಏರಿ, ಉಸಿರು ಕಟ್ಟಿತು. ಯಾವ ಊರು ಯಾವ ಆಸ್ಪತ್ರೆ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮಗುವನ್ನು ಒಳಗೆ ಒಯ್ದರು. ಬಾಗಿಲಲ್ಲಿ ವಾಚಮನ್ ಅಡ್ಡ ನಿಂತ. ಒಳಗಿನದು ನಿಮಗೆ ತಿಳಿಯುವುದಿಲ್ಲ, ಹೊರಗೆ ನಿಲ್ಲಿ ಎಂದ. ನಿಂತಳು. ಒಳಗಿನಿಂದ ಮಗಳು ಯವ್ವಾ ಎಂದು ಕೂಗುವುದು ಕೇಳುತ್ತಿತ್ತು. ಬಾಗಿಲು ತಳ್ಳಿದಳು, ಒಳಗಿನಿಂದ ಚಿಲಕ ಹಾಕಿತ್ತು. ಮತ್ತೆ ಮತ್ತೆ ಕೂಗು ಕೇಳಿತು, ಆಮೇಲೆ ಕೇಳಲಿಲ್ಲ. ಒಳಗಿನವರು ತಮ್ಮ ಕೆಲಸ ಸರಿಯಾಗಿಯೇ ಮಾಡಿದ್ದಿರಬಹುದು ಎಂದು ಸಾಬಮ್ಮ ಈಗಲೂ ಹೇಳುತ್ತಾಳೆ. ಇದಾಗಿ ಹದಿನಾರು ವರ್ಷ.

ಮೂರು ಚಿಲಕಗಳು ಯಾಕೆ ಹೋದವು ಎಂಬುದು ನನಗೆ ಆ ಬೇವಿನ ಮರದ ಕೆಳಗೆ ತಿಳಿಯಿತು. ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು.

ಆದರೂ ನನ್ನ ಬಾಯಿ ಸುಮ್ಮನಿರಲಿಲ್ಲ. ಸಮಾಧಾನ ಹೇಳಿ ರೂಢಿಯಾದ ಬಾಯಿ. ಅಯ್ಯನವರು ಹೇಳಿದ್ದು ನಿನಗೇ ಹೇಳಿದಂತಿದೆಯಲ್ಲ ಎಂದೆ. ನೀನು ಬಾಗಿಲ ಹಿಂದೆ ಇದ್ದೆ, ಕರುಣಾಗೆ ಕಾಣಲಿಲ್ಲ ಅಷ್ಟೇ. ಕಾಣದಿದ್ದರೂ ಇದ್ದದ್ದು ಇದ್ದದ್ದೇ. ಅದನ್ನು ಒಪ್ಪಿಕೋ, ನಿನಗೂ ನೆಮ್ಮದಿ, ದೇವರ ಮೇಲಿನ ಸಿಟ್ಟೂ ಹೋಗುತ್ತದೆ.

ಅವಳು ನನ್ನನ್ನು ನೋಡಿದಳು. "ಅದನ್ನ ನಂಬಿದ್ರ ನನಗ ನಿದ್ದಿ ಬರ್ತದ್ರಿ ಸಾಹೇಬ್ರೇ. ಹದಿನಾರು ವರ್ಷದಿಂದ ಅದೇ ಮಾತು ಬೇಕಾಗ್ಯಾದ ನನಗ. ಅದಕ್ಕೇ ಅದರ ಮ್ಯಾಲ ಸಂಶಯ" ಎಂದಳು.

ಗಂಡನ ಮಾತನ್ನೂ ಹೇಳಿದಳು. ದುಃಖ ಇದೆ, ಅದನ್ನು ಕೊಟ್ಟವನು ಯಾರೆಂದು ಹುಡುಕುತ್ತ ಕೂರಬೇಡ ಎಂದು ರಾಮಲಿಂಗ ಹೇಳುತ್ತಾನಂತೆ. ಅವನು ಪಂಚಶೀಲ ಹೇಳಿಕೊಂಡು ಕೆಲಸಕ್ಕೆ ಹೋಗುತ್ತಾನೆ, ಬಂದು ಮಲಗುತ್ತಾನೆ. ಅವನದು ಸರಿ ಇರಬಹುದು, ತನಗೆ ಮಾತ್ರ ಕೇಳದೆ ಇರಲಾಗುವುದಿಲ್ಲ ಎಂದಳು. ಕಾಲಿನ ಧೂಳು ಕೊಡವಿಕೊಂಡು ಎದ್ದಳು. ಎರಡು ಗಂಟೆಗೆ ಡ್ರೆಸ್ಸಿಂಗ್ ಇತ್ತು.

ಅವಳ ಮಾತು ನನ್ನನ್ನು ಬಿಡಲಿಲ್ಲ. ನಾನು ಇಷ್ಟು ವರ್ಷ ಸಂಶಯಪಟ್ಟದ್ದೆಲ್ಲ ಬೇರೆಯವರ ಬಾಟಲಿಗಳ ಮೇಲೆ. ನನಗೆ ಹಿತವಾದ ಮಾತಿನ ಮುಚ್ಚಳವನ್ನು ಒಂದು ಸಲವೂ ತಿರುಗಿಸಿ ನೋಡಿರಲಿಲ್ಲ. ದೇವರ ಮನಸ್ಸು ನಮಗೆ ನಿಲುಕದು ಎಂದು ಅಳುವವರಿಗೆ ಹೇಳಿದೊಡನೆ ಅವರು ಕೌಂಟರಿನಿಂದ ಸರಿಯುತ್ತಿದ್ದರು, ನಾನು ಮುಂದಿನ ಚೀಟಿ ತೆಗೆದುಕೊಳ್ಳುತ್ತಿದ್ದೆ. ಆ ಮಾತು ಅವರಿಗೆ ಔಷಧವಾಗಿತ್ತೋ, ನನಗೆ ಪುರುಸೊತ್ತು ಮಾಡಿಕೊಡುತ್ತಿತ್ತೋ? ವಾಚಮನ್ ಹೇಳಿದ ಮಾತು, ನಾನು ಹೇಳುವ ಮಾತು ಒಂದೇ ಆಗಿತ್ತು. ನಿಮಗೆ ತಿಳಿಯುವುದಿಲ್ಲ, ಹೊರಗೆ ನಿಲ್ಲಿ.

ಶ್ರಾವಣ ಮುಗಿದು ಹದಿನೈದು ದಿನವಾಗಿತ್ತು. ಒಂದು ಬೆಳಿಗ್ಗೆ ಮಡಿವಾಳಯ್ಯನವರು ಚಪ್ಪಲಿಯಿಲ್ಲದೆ ಆಸ್ಪತ್ರೆಯೊಳಗೆ ಓಡಿ ಬಂದರು. ತೋಳಿನಲ್ಲಿ ನೀಲಾಂಬಿಕಾ. ಸ್ನಾನಕ್ಕೆ ಕಾಯಿಸಿ ತೆಗೆದಿಟ್ಟಿದ್ದ ನೀರಿನ ಬಕೇಟಿನ ಮೇಲೆ ಹಿಮ್ಮುಖವಾಗಿ ಬಿದ್ದು ಬೆನ್ನು ಸುಟ್ಟುಕೊಂಡಿದ್ದಳು. ತಾಯಿ ಎರಡನೆಯ ಬಾಣಂತನಕ್ಕೆ ಸೇಡಂನ ತವರಿಗೆ ಹೋಗಿದ್ದಳು. ತಂದೆ ಕೋಡ್ಲಾದಲ್ಲಿ ಕೆಲಸಕ್ಕೆ ಹೋಗಿದ್ದ. ಮನೆಯಲ್ಲಿ ಇದ್ದದ್ದು ಅಜ್ಜ ಒಬ್ಬರೇ. ಡಾಕ್ಟರ್ ತಸ್ಲೀಮ್ ನೋಡಿ, ಜೀವಕ್ಕೆ ಭಯವಿಲ್ಲ ಎಂದರು. ಆದರೆ ದಿನ ಬಿಟ್ಟು ದಿನ ಪಟ್ಟಿ ಬಿಚ್ಚಿ ಗಾಯ ತೊಳೆಯಬೇಕು, ನೋವಿಗೆ ಔಷಧ ಕೊಟ್ಟರೂ ಬಿಚ್ಚುವಾಗಿನ ನೋವು ತಪ್ಪುವುದಿಲ್ಲ, ಹುಡುಗಿ ಅಲುಗಾಡಿದರೆ ಚರ್ಮ ಕಿತ್ತು ಬರುತ್ತದೆ, ಗಾಯಕ್ಕೆ ಕೀವು ಹಿಡಿಯುತ್ತದೆ ಎಂದರು.

ಮೊದಲ ಪಟ್ಟಿ ಬಿಚ್ಚುವ ದಿನ ನಾನು ಔಷಧದ ತಟ್ಟೆ ಹಿಡಿದು ಕೋಣೆಯೊಳಗೇ ಇದ್ದೆ. ಬಾಗಿಲಿಗೆ ಚಿಲಕವಿರಲಿಲ್ಲ. ನೀಲಾಂಬಿಕಾಳನ್ನು ಬೋರಲು ಮಲಗಿಸಿದ್ದರು. ಅಯ್ಯನವರು ಅವಳ ತಲೆ ಸವರಿ, ಹೊರಗೆ ಹೋಗಿ, ಬಾಗಿಲು ಎಳೆದುಕೊಂಡು ಅದರ ಹಿಂದೆ ನಿಂತರು. ಅವರ ಕೈಯಲ್ಲಿ ಹುಡುಗಿಯ ತಲೆಯ ಕ್ಲಿಪ್ಪಿತ್ತು. ಬಾಗಿಲ ಸಂದಿಯಲ್ಲಿ ಬಿಳಿ ಧೋತರದ ಅಂಚು ಕಾಣುತ್ತಿತ್ತು.

ತಸ್ಲೀಮ್ ಡಾಕ್ಟರು ಮೊದಲ ಪದರಕ್ಕೆ ನೀರು ಬಿಟ್ಟರು. ಹುಡುಗಿ ಚಿಟ್ಟನೆ ಚೀರಿ, ಅಜ್ಜನನ್ನು ಹುಡುಕುತ್ತ, ಮುತ್ಯಾ ಎಲ್ಲಿ ಎಂದು ಕೇಳಿದಳು.

ಸಾಬಮ್ಮ ಕೆಳಗೆ ಕುಳಿತು ಮುಖ ಎತ್ತಿದ್ದಳು. ಅವಳು ಸುಳ್ಳು ಹೇಳುವವಳಲ್ಲ. ಬಾಗಿಲ ಹಿಂದೆ ನಿಂತಿದ್ದಾರೆ ಎಂದಳು.

"ಯಾಕ?" ಎಂದಳು ನೀಲಾಂಬಿಕಾ.

ಆ ಒಂದು ಪ್ರಶ್ನೆಗೆ ಸಾಬಮ್ಮ ಬಾಗಿಲ ಕಡೆ ತಿರುಗಿದ್ದನ್ನು ನಾನು ನೋಡಿದೆ. ಹದಿನಾಲ್ಕು ವರ್ಷದಲ್ಲಿ ಅವಳು ಮಗುವಿನ ಮುಖದಿಂದ ಕಣ್ಣು ತೆಗೆದದ್ದು ಅದೇ ಮೊದಲು. ಹುಡುಗಿ ಅವಳ ಮುಖ ನೋಡಲು ಒಪ್ಪಲಿಲ್ಲ. ಮುತ್ಯಾ ಮುತ್ಯಾ ಎಂದು ಕೂಗುತ್ತ ತಲೆ ಹೊರಳಿಸಿ ಬಾಗಿಲ ಕಡೆ ಏಳಲು ನೋಡಿದಳು. ಡಾಕ್ಟರು ಕೈ ಹಿಂತೆಗೆದರು, ಹೀಗಾದರೆ ಆಗುವುದಿಲ್ಲ ಎಂದರು. ಬೇವಿನ ಮರದ ಕೆಳಗೆ ಸಾಬಮ್ಮ ಹೇಳಿದ್ದ ಕರುಣಾಳ ಕೂಗು ನನ್ನ ಕಿವಿಗೇ ಬಿದ್ದಂತಾಯಿತು.

ಸಾಬಮ್ಮ ಎದ್ದು ಹೋಗಿ ಬಾಗಿಲು ತೆರೆದಳು. ಅಯ್ಯನವರು ಗೋಡೆಗೆ ಹಣೆ ಹಚ್ಚಿ ನಿಂತಿದ್ದರು. "ನನ್ನಿಂದ ನೋಡಲಿಕ್ಕ ಆಗಲ್ಲವ್ವಾ" ಎಂದರು.

"ಅಕಿಗಿ ನಿಮ್ಮ ಕಾರಣ ಬ್ಯಾಡ್ರಿ ಅಯ್ಯನೋರೇ. ಒಳಗ ಬರ್ರಿ. ಮಾರಿ ತೋರಸ್ರಿ."

ಅವರು ಬಂದರು. ಮಂಡಿ ನೋವಿನ ಮನುಷ್ಯ, ಕೆಳಗೆ ಕುಳಿತರೆ ಮುಖ ಅಷ್ಟು ಎತ್ತಲು ಆಗಲಿಲ್ಲ. ಕೊನೆಗೆ ಫರಸಿಯ ಮೇಲೆ ಅಂಗಾತ ಮಲಗಿಬಿಟ್ಟರು. ಇಡೀ ಓಣಿ ಪಾದ ಮುಟ್ಟುವ ಜಂಗಮರು, ಫಿನಾಯಿಲ್ ವಾಸನೆಯ ನೆಲದ ಮೇಲೆ, ಮೇಜಿನ ಕೆಳಗೆ. ಹಣೆಯ ವಿಭೂತಿ ಬೆವರಿಗೆ ಕರಗಿ ಕಣ್ಣಿಗಿಳಿದಿತ್ತು. ನೀಲಾಂಬಿಕಾ ಕೈ ಇಳಿಬಿಟ್ಟು ಅವರ ಗಡ್ಡ ಹಿಡಿದುಕೊಂಡಳು. ಡಾಕ್ಟರು ಪಟ್ಟಿ ಬಿಚ್ಚಿದರು. ಹುಡುಗಿ ಕಿರುಚಿದಳು, ಉದ್ದಕ್ಕೂ ಕಿರುಚಿದಳು, ನೋವೇನೂ ಕಡಿಮೆಯಾಗಲಿಲ್ಲ. ಆದರೆ ಅಲುಗಾಡಲಿಲ್ಲ. ಯಾಕೆ ಎಂದು ಮತ್ತೆ ಕೇಳಲೂ ಇಲ್ಲ. ಮಧ್ಯದಲ್ಲಿ ಒಮ್ಮೆ ಉಸಿರು ತೆಗೆದುಕೊಂಡು, "ಮುತ್ಯಾ, ನೀ ಯಾಕ ಅಳಾಕತ್ತಿ?" ಎಂದಳು.

ಮುಗಿದ ಮೇಲೆ ಹುಡುಗಿಯನ್ನು ವಾರ್ಡಿಗೆ ಒಯ್ದರು. ಅಯ್ಯನವರು ಹೊರಗಿನ ಬೆಂಚಿನ ಮೇಲೆ ಕುಳಿತರು. ಸಾಬಮ್ಮ ನೀರು ತಂದುಕೊಟ್ಟಳು, ಕುಡಿದರು. ಅಂದು ಬಾಗಿಲ ಹಿಂದಿನ ಮಾತು ಹೇಳಿದಾಗ ನೀನು ಯಾಕೆ ಎದ್ದು ಹೋದೆ ಎಂದು ಕೇಳಿದರು. ಅವಳು ಕರುಣಾಳ ಸುದ್ದಿಯನ್ನು ನಾಲ್ಕೇ ಮಾತಿನಲ್ಲಿ ಹೇಳಿದಳು. ಅವರು ತಲೆ ತಗ್ಗಿಸಿದರು. ತನಗೆ ನೋಡಲಾಗದ ಹಾಗೆ ದೇವರಿಗೂ ನಮ್ಮ ನೋವು ನೋಡಲಾಗುತ್ತಿಲ್ಲವೇನೋ, ಅದಕ್ಕೇ ಮುಖ ಮರೆಸಿಕೊಂಡಿದ್ದಾನೇನೋ ಎಂದರು. ಪುರಾಣದ ದನಿ ಅಲ್ಲ ಅದು, ಸೋತ ದನಿ.

"ನಿಮಗೂ ನೋಡಲಿಕ್ಕ ಆಗಲಿಲ್ಲ. ಆದ್ರೂ ಬಂದ್ರಿ" ಎಂದಳು ಸಾಬಮ್ಮ. ಲೋಟ ಅವರ ಕೈಯಿಂದ ತೆಗೆದುಕೊಂಡಳು. "ನಾ ಕರುಣಾನ ಹತ್ರ ಇರಲಿಲ್ರಿ. ಹೊರಗಿದ್ದೆ. ಹೊರಗಿದ್ದದ್ದಕ್ಕ ಇನ್ನೊಂದು ಹೆಸರು ಇಡಂಗಿಲ್ಲ ನಾ. ಆದ್ರ ನನ್ನ ತಡದಾಂವ ಒಬ್ಬ ವಾಚಮನ್ ಇದ್ದ. ಆ ದೇವರನ್ನ ತಡದಾಂವ ಯಾರ್ರಿ?"

ಅಯ್ಯನವರ ತುಟಿ ಅಲುಗಿತು. ಯಾವ ಮಾತು ಬಾಯಿಗೆ ಬಂದಿತ್ತೆಂದು ನನಗೆ ಗೊತ್ತು, ನಮ್ಮ ಬುದ್ಧಿಗೆ ನಿಲುಕದು ಎಂಬ ಅದೇ ಮಾತು ನನ್ನ ಬಾಯಿಗೂ ಬಂದಿತ್ತು. ಅವರು ನುಂಗಿಕೊಂಡರು. ನಾನೂ ನುಂಗಿಕೊಂಡೆ.

ಆಮೇಲೆ ಹತ್ತು ಸಲ ಪಟ್ಟಿ ಬದಲಾಯಿತು. ಹತ್ತು ಸಲವೂ ಅವರು ಬಂದು, ಹೆಗಲ ಮೇಲಿನ ವಸ್ತ್ರ ಮಡಿಸಿ ತಲೆಯ ಕೆಳಗಿಟ್ಟುಕೊಂಡು ನೆಲದ ಮೇಲೆ ಮಲಗಿದರು. ನೀಲಾಂಬಿಕಾಳ ಬೆನ್ನು ವಾಸಿಯಾಗಿದೆ, ಕಲೆ ಉಳಿದಿದೆ. ಈ ವರ್ಷದ ಶ್ರಾವಣದಲ್ಲಿ ಅವರು ಪುರಾಣ ಹೇಳಿದರು. ಒಳ್ಳೆಯವರಿಗೆ ಯಾಕೆ ಕಷ್ಟ ಎಂಬ ಕಡೆ ಬಂದಾಗ ನಿಂತರು. ಇದು ನನಗೆ ಗೊತ್ತಿಲ್ಲ ಎಂದರು. ನಮಗೆ ತಿಳಿಯದು ಎನ್ನಲಿಲ್ಲ, ನನಗೆ ಗೊತ್ತಿಲ್ಲ ಎಂದರು. ಜನಕ್ಕೆ ಅಷ್ಟೇನೂ ರುಚಿಸಲಿಲ್ಲ.

ನಾನು ಪೂಜೆ ಬಿಟ್ಟಿಲ್ಲ. ಎಡಗೈಯಲ್ಲಿ ಲಿಂಗವಿಟ್ಟುಕೊಂಡು ಕೂರುತ್ತೇನೆ, ಕೇಳುತ್ತೇನೆ, ನಿನ್ನನ್ನು ತಡೆದವರು ಯಾರು ಎಂದು. ಉತ್ತರ ಬಂದಿಲ್ಲ. ನಮ್ಮ ಬುದ್ಧಿ ಸಣ್ಣದೆಂಬುದು ನಿಜವೇ ಇರಬಹುದು. ಸಣ್ಣದೆಂದು ಅವನೇ ಹೇಳಿದ್ದರೆ ನಂಬುತ್ತಿದ್ದೆನೇನೋ, ಹೇಳುವವರೆಲ್ಲ ಬಾಗಿಲು ಕಾಯುವವರೇ ಆಗಿರುವುದರಿಂದ ನನಗೆ ಸಂಶಯ. ವಿಮಲಾಬಾಯಿ ಹೊಸ್ತಿಲಲ್ಲಿ ನಿಂತು ನೋಡುತ್ತಾಳೆ. ಈಗ ನಗಾಡುವುದಿಲ್ಲ.

ಹೋದ ತಿಂಗಳು ಆಫೀಸಿನವರು ಆಸ್ಪತ್ರೆಗೆ ಬಣ್ಣ ಹಚ್ಚಿಸಿ, ಡ್ರೆಸ್ಸಿಂಗ್ ಕೋಣೆಗೆ ಹೊಸ ಸ್ಟೀಲಿನ ಚಿಲಕ ಹಾಕಿಸಿದರು. ಶನಿವಾರ ಹಾಕಿದರು, ಸೋಮವಾರ ಇರಲಿಲ್ಲ. ಆಫೀಸಿನವರು ವಿಚಾರಣೆಗೆ ಬಂದು, ಎಲ್ಲದರ ಮೇಲೂ ಕಣ್ಣಿಟ್ಟವನು ನಾನೆಂದು ನನ್ನನ್ನೇ ಕೇಳಿದರು. ಇಂಥದ್ದೆಲ್ಲ ನಮ್ಮ ಬುದ್ಧಿಗೆ ನಿಲುಕುವುದಿಲ್ಲ ಎಂದುಬಿಟ್ಟೆ. ಅವರು ತಲೆಯಾಡಿಸಿ ಹೋದರು. ಆ ಮಾತಿಗೆ ಜನ ಎಷ್ಟು ಬೇಗ ಹೋಗಿಬಿಡುತ್ತಾರೆ!

ಸಾಬಮ್ಮ ಕೌಂಟರಿನ ಪಕ್ಕ ನೆಲ ಒರೆಸುತ್ತಿದ್ದಳು. ಕೈ ನಿಲ್ಲಿಸಿ ನನ್ನನ್ನು ನೋಡಿದಳು. ತನ್ನ ಸೆರಗಿನ ಗಂಟು ಮುಟ್ಟಿ ನೋಡಿಕೊಂಡಳು, ಸ್ಕ್ರೂಡ್ರೈವರ್ ಅಲ್ಲೇ ಇತ್ತು. ಆಮೇಲೆ ನನ್ನ ಅರ್ಧ ತೆರೆದ ಖಾನೆಯೊಳಗೆ, ಅವಧಿ ಮೀರಿದ ಗುಳಿಗೆಗಳ ನಡುವೆ ಹೊಳೆಯುತ್ತಿದ್ದ ಹೊಸ ಚಿಲಕವನ್ನು ಕಂಡಳು. ಕೈ ಚಾಚಿ ಖಾನೆಯನ್ನು ಮುಚ್ಚಿದಳು.

ಅಷ್ಟರಲ್ಲಿ ಚಿಂಚೋಳಿ ಕಡೆಯಿಂದ ಬಂದ ಒಬ್ಬ ತಾಯಿ ಡ್ರೆಸ್ಸಿಂಗ್ ಕೋಣೆಯ ಹೊರಗೆ ನಿಂತು, ಒಳಗೆ ಹೋಗಿದ್ದ ತನ್ನ ಮಗುವಿನ ಅಳು ಕೇಳುತ್ತ, ಬರಬಹುದೇನ್ರಿ ಎಂದು ಯಾರನ್ನೋ ಕೇಳುತ್ತಿದ್ದಳು.

"ತಳ್ಳವ್ವಾ, ತೆರದೇ ಅದ" ಎಂದು ನಾನು ಇಲ್ಲಿಂದಲೇ ಹೇಳಿದೆ.